ಪೈನ್ ಗಿಡಗಳೂ ಸಾಯಬಣ್ಣನ ಹೆಪ್ಪೂ

ತೋಟಗಾರಿಕೆಯ ಪದವಿ ಪಡೆದು ಈ ವರ್ಷ ನರ್ಸರಿಗಳ ಕೆಲಸಕ್ಕೆ ಬರುತ್ತಿರುವ ತರುಣ ತರುಣಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮಗೆ ಶುಭ ಹಾರೈಸಲು ಬೇಕಾದಷ್ಟು ಜನರಿದ್ದಾರೆ. ಆ ಕೆಲಸವನ್ನು ಅವರಿಗೇ ಬಿಡುತ್ತೇನೆ. ವಯಸ್ಸು ತುಂಬುವ ಮೊದಲೇ ಸ್ವಯಂ ನಿವೃತ್ತಿ ಪಡೆದು ಹೊರಬಂದ ನನಗೆ, ಯಾವಾಗ ಯಾವ ಹುದ್ದೆಗೆ ಏರಿದೆನೆಂದು ಹೇಳುವ ಉಮೇದಿಲ್ಲ. ಹೇಳಲೇಬೇಕಾದದ್ದು ಒಂದು ಸಂಗತಿ. ಶಹಾಪುರ, ಯಾದಗಿರಿಯ ಮನೆಗಳ ಗೇಟಿನ ಬದಿಗೆ ನಾವು ನೆಟ್ಟುಕೊಟ್ಟ ಪೈನ್ ಗಿಡಗಳು ಸತ್ತವು. ಅವುಗಳನ್ನು ಕೊಂದ ಆರೋಪ ಹೊತ್ತು ಸಾಯಬಣ್ಣನೆಂಬ ದಿನಗೂಲಿ ಮಾಲಿ ಕೆಲಸ ಕಳೆದುಕೊಳ್ಳುವ ಹಂತಕ್ಕೆ ಬಂದ. ಕೊಂದವನು ಅವನಲ್ಲ.

ನಾನು ಶಹಾಪುರದ ಸರ್ಕಾರಿ ನರ್ಸರಿಗೆ ಬಂದಾಗ ಕಾಲುವೆ ನೀರು ಹೊಲಗಳನ್ನು ಮುಟ್ಟಿ ಕೆಲವು ವರ್ಷಗಳಾಗಿದ್ದವು. ಜೋಳ, ತೊಗರಿ ಬೆಳೆಯುತ್ತಿದ್ದ ಕಪ್ಪು ಎರೆಭೂಮಿಯಲ್ಲಿ ಭತ್ತ ನಿಂತಿತ್ತು. ಊರ ಹೊರಗೆ ಹೊಸ ಮನೆಗಳು ಎದ್ದಿದ್ದವು; ಮನೆಗೆ ಕಾಂಪೌಂಡು, ಕಾಂಪೌಂಡಿಗೆ ಗೇಟು, ಗೇಟಿನ ಕಂಬದ ಮೇಲೆ ಎರಡು ಸಿಮೆಂಟಿನ ಸಿಂಹ. ಸಿಂಹಗಳ ಕೆಳಗೆ ಏನಾದರೂ ಹಸಿರು ಬೇಕಿತ್ತು. ಬೇವು ಹಳ್ಳಿಯದೆಂದು ಬೇಡವಾಯಿತು, ಹುಣಸೆ ಅಪಶಕುನವೆಂದು ಬೇಡವಾಯಿತು. ಊಟಿಗೆ ಹೋಗಿಬಂದವರು ಅಲ್ಲಿ ನಿಂತು ತೆಗೆಸಿಕೊಂಡ ಫೋಟೊ ಹಿಡಿದು ನರ್ಸರಿಗೆ ಬರತೊಡಗಿದರು. ಫೋಟೊದಲ್ಲಿದ್ದ ಹೆಂಡತಿ ಮಕ್ಕಳನ್ನು ಬಿಟ್ಟು ಅವರ ಹಿಂದಿನ ಮರಕ್ಕೆ ಬೆರಳಿಟ್ಟು, "ಈ ಊಟಿ ಝಾಡ ಬೇಕ್ರಿ, ಎರಡು" ಎನ್ನುತ್ತಿದ್ದರು. ಒಂದೇ ಗಿಡ ಕೇಳಿದವರನ್ನು ನಾನು ಕಾಣಲಿಲ್ಲ.

ವಿಶ್ವವಿದ್ಯಾಲಯದಲ್ಲಿ ಪೈನ್ ಬಗ್ಗೆ ನಮಗೆ ಕಲಿಸಿದ್ದು ಎರಡು ಪುಟ. ನೀರು ಬಸಿದುಹೋಗುವ ಮಣ್ಣು ಬೇಕು, ಹುಳಿ ಗುಣದ ಮಣ್ಣು ಬೇಕು, ನೀರು ನಿಲ್ಲಬಾರದು. ನಮ್ಮ ಎರೆಮಣ್ಣು ಈ ಮೂರಕ್ಕೂ ವಿರುದ್ಧ. ಮಳೆಗಾಲದಲ್ಲಿ ಹಿಡಿದ ನೀರನ್ನು ಬಿಡುವುದಿಲ್ಲ, ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ. ಹೀಗಾಗಿ ಈ ಸೀಮೆಗೆ ಪೈನ್ ಬೇಡವೆಂದು ಯಾದಗಿರಿಯ ಮೇಲಧಿಕಾರಿಗೆ ನಾಲ್ಕು ಪುಟದ ಟಿಪ್ಪಣಿ ಕಳಿಸಿದೆ. ಅವರು ನನ್ನನ್ನು ಕರೆಸಿ, ಟಿಪ್ಪಣಿಯನ್ನು ತೆರೆಯದೆಯೇ ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು.

"ಮೇಡಂ, ಮಂದಿ ಕೇಳಾಕತ್ತಾರ. ನಮಗ ಗಿಡ ಹಂಚೋ ಗುರಿ ಅದ. ನೀವು ಭಾಳ ಓದೀರಿ, ತಂಟೆ ಅದು."

"ಸರ್, ಕೊಟ್ಟ ಗಿಡ ಸತ್ತರೆ?"

"ಸತ್ತರ ಮತ್ತೊಮ್ಮಿ ಕೇಳ್ತಾರ. ಮತ್ತೊಮ್ಮಿ ಕೊಡೋಣು."

ಗಿಡ ಕೊಟ್ಟ ಲೆಕ್ಕ ಕೇಳುವ ನಮೂನೆಗಳು ನಮ್ಮಲ್ಲಿ ಹಲವಿದ್ದವು. ಅದು ಮರುವರ್ಷ ಬದುಕಿದೆಯೇ ಎಂದು ಕೇಳುವ ನಮೂನೆ ಒಂದೂ ಇರಲಿಲ್ಲ. ಈಗಲೂ ಇಲ್ಲವೆಂದು ಕೇಳಿದ್ದೇನೆ. ನೀವು ಸೇರಿದ ಮೊದಲ ತಿಂಗಳೇ ಇದನ್ನು ಪ್ರಶ್ನಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಆಶ್ಚರ್ಯವೆಂದರೆ ನರ್ಸರಿಯಲ್ಲಿ ಪೈನ್ ಸಸಿಗಳು ಚೆನ್ನಾಗಿಯೇ ಬೆಳೆಯುತ್ತಿದ್ದವು. ಬೆಳೆಸುತ್ತಿದ್ದವನು ಸಾಯಬಣ್ಣ. ಸುರಪುರದ ಕಡೆಯವನು, ನಲವತ್ತೈದು ದಾಟಿದವನು, ನರ್ಸರಿ ಶುರುವಾದಾಗಿನಿಂದ ದಿನಗೂಲಿಯ ಮೇಲಿದ್ದವನು. ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದ. ಆ ವರ್ಷ ದಿನಗೂಲಿಗಳಲ್ಲಿ ಕೆಲವರನ್ನು ಕಾಯಂ ಮಾಡುವ ಪಟ್ಟಿ ತಯಾರಾಗುತ್ತಿತ್ತು. ಅವನ ಹೆಸರು ಮೇಲಿತ್ತು. ಪಟ್ಟಿಗೆ ವಯಸ್ಸಿನ ಮಿತಿಯಿದ್ದುದರಿಂದ ಅದೇ ಅವನ ಕೊನೆಯ ಅವಕಾಶವೂ ಆಗಿತ್ತು.

ಅವನ ಪದ್ಧತಿ ಹೀಗಿತ್ತು. ಬೀಜವನ್ನು ಮರಳಿನಲ್ಲಿ ಮೊಳೆಯಿಸಿ, ಮಸಾರಿ ಎಂದು ನಾವು ಕರೆಯುವ ಕೆಂಪು ಹಗುರ ಮಣ್ಣಿನ ಚೀಲಕ್ಕೆ ಬದಲಿಸುವನು. ಪ್ರತಿ ಚೀಲಕ್ಕೂ ಒಂದು ಹಳೆಯ ಎಣ್ಣೆ ಡಬ್ಬಿಯಿಂದ ಹಿಡಿ ಮಣ್ಣು ತೆಗೆದು ಹಾಕುವನು. ಆ ಮಣ್ಣನ್ನು ಸುರಪುರದ ಗುಡ್ಡದ ಬದಿಯಲ್ಲಿದ್ದ ಒಬ್ಬ ನಿವೃತ್ತ ಹೆಡ್ಮಾಸ್ತರರ ಅಂಗಳದಿಂದ ತರುತ್ತಿದ್ದ. ಅಲ್ಲಿ ಒಂದು ದೊಡ್ಡ ಪೈನ್ ಮರವಿತ್ತು. ಎಂದೋ ಬೆಟ್ಟದೂರಿನಿಂದ ಕುಂಡದ ಮಣ್ಣಿನ ಸಮೇತ ಬಂದದ್ದು. ಆ ಮರದ ಬುಡದ ಮಣ್ಣಿಗೆ ಸಾಯಬಣ್ಣ ಇಟ್ಟ ಹೆಸರು ಹೆಪ್ಪು.

"ಹೆಪ್ಪ ಹಾಕಲಾರದ ಹಾಲು ಮೊಸರ ಆಗತದೇನ್ರಿ ಮೇಡಂ? ಇದೂ ಹಂಗರಿ."

ನಾನು ನಕ್ಕಿದ್ದೆ. ಇಂದು ಆ ನಗು ನೆನಪಾದರೆ ನನ್ನ ಮೇಲೆ ನನಗೇ ರೇಗುತ್ತದೆ.

ಆ ಮಳೆಗಾಲದಲ್ಲಿ ಒಂದು ದಿನ ತಪಾಸಣೆಗೆಂದು ಒಂದು ಚೀಲ ಹರಿದು ಸಸಿಯನ್ನು ಹೊರತೆಗೆದೆ. ಬೇರಿನ ಸುತ್ತ ಬಿಳಿ ಎಳೆಗಳು ಜೇಡರ ಬಲೆಯಂತೆ ಹಬ್ಬಿದ್ದವು. ಸ್ನಾತಕೋತ್ತರ ಪದವಿಗೆ ನಾನು ಅಭ್ಯಾಸ ಮಾಡಿದ್ದು ಮೆಣಸಿನಕಾಯಿ ಗಿಡದ ಬೇರು ಕೊಳೆ ರೋಗ. ಬೇರಿನ ಮೇಲೆ ಬಿಳಿ ಕಂಡರೆ ಬೂಷ್ಟು, ಬೂಷ್ಟೆಂದರೆ ರೋಗ, ರೋಗಕ್ಕೆ ಔಷಧಿ. ಇಷ್ಟೇ ನನ್ನ ವಿದ್ಯೆ. ಎಲ್ಲ ಚೀಲಗಳಿಗೂ ಶಿಲೀಂಧ್ರನಾಶಕ ಸುರಿಯಲು ಆದೇಶ ಕೊಟ್ಟೆ. ವಾರಕ್ಕೊಮ್ಮೆಯಂತೆ ಮೂರು ಸಲ.

ಸಾಯಬಣ್ಣ ಕೊಡ ಹಿಡಿದು ನಿಂತೇ ಇದ್ದ. "ಮೇಡಂ, ಇದು ಬ್ಯಾನಿ ಅಲ್ರಿ. ಇದ ಹೆಪ್ಪು. ಹಿಂಗ ಹಬ್ಬಿದ್ರ ಗಿಡ ಹತ್ತಿತು ಅಂತ ತಿಳೀಬೇಕು."

"ಹಾಗಂತ ಯಾರು ಹೇಳಿದರು?"

"ಯಾರೂ ಹೇಳಿಲ್ರಿ. ನೋಡೀನಿ."

"ನೋಡುವುದಕ್ಕೂ ಓದುವುದಕ್ಕೂ ವ್ಯತ್ಯಾಸವಿದೆ. ಸುರಿ."

ಅವನು ಸುರಿದ. ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಎಣ್ಣೆ ಡಬ್ಬಿಯ ಮಣ್ಣನ್ನು ಎಸೆಸಿ, ನರ್ಸರಿ ರಿಜಿಸ್ಟರಿನಲ್ಲಿ ನನ್ನ ಕೈಬರಹದಲ್ಲಿ ದಾಖಲಿಸಿದೆ: ಮಾಲಿಯು ಅಶುದ್ಧ ಮಣ್ಣು ಬಳಸಿದ್ದರಿಂದ ಸಸಿಗಳಿಗೆ ಶಿಲೀಂಧ್ರ ತಗುಲಿದೆ, ಇನ್ನು ಮುಂದೆ ಈ ಮಣ್ಣು ಬಳಸಕೂಡದು. ಬಲಗಡೆ ಸಹಿ, ತಾರೀಖು.

ಪೈನಿನ ಬೇರಿಗೆ ಒಂದು ಬಗೆಯ ಒಳ್ಳೆಯ ಶಿಲೀಂಧ್ರದ ಜೊತೆ ಬೇಕೇ ಬೇಕು, ಅದಿಲ್ಲದೆ ಗಿಡ ಮಣ್ಣಿನ ಸಾರವನ್ನು ಹೀರಿಕೊಳ್ಳಲಾರದು ಎಂಬುದನ್ನು ಇಂದು ನಿಮ್ಮಲ್ಲಿ ಯಾರಾದರೂ ನಿದ್ದೆಗಣ್ಣಿನಲ್ಲೂ ಹೇಳಬಲ್ಲರು. ಆ ಶಿಲೀಂಧ್ರ ಪೊಟ್ಟಣಗಳಲ್ಲಿ ಬರುತ್ತದೆ, ಮೇಲೆ ಬಳಕೆಯ ವಿಧಾನ ಅಚ್ಚಾಗಿರುತ್ತದೆ. ನಮ್ಮ ಎರಡು ಪುಟಗಳಲ್ಲಿಯೂ ಅದರ ಬಗ್ಗೆ ಒಂದು ಸಾಲು ಇದ್ದಿತಂತೆ; ಪರೀಕ್ಷೆಗೆ ಬರುವುದಿಲ್ಲವೆಂದು ನಾನು ಬಿಟ್ಟಿದ್ದೆ. ಎಣ್ಣೆ ಡಬ್ಬಿಯಲ್ಲಿ ಇದ್ದದ್ದು ಅದೇ.

ಔಷಧಿ ಸುರಿದ ಸಸಿಗಳು ತಕ್ಷಣ ಸಾಯಲಿಲ್ಲ, ಅದೇ ಮೋಸ. ಹಸಿರಾಗಿಯೇ ಮನೆಗಳಿಗೆ ಹೋದವು. ಸಾಯಬಣ್ಣ ಪ್ರತಿ ಮನೆಗೂ ಹೋಗಿ, ಮೊಳಕಾಲೆತ್ತರ ಮಸಾರಿ ಮಣ್ಣು ಮತ್ತು ಗರಸುಕಲ್ಲಿನ ದಿಬ್ಬ ಮಾಡಿ, ಅದರ ನೆತ್ತಿಯಲ್ಲಿ ಗಿಡ ಕೂರಿಸಿ ಬಂದ. ಅವು ಮೊದಲು ಬೆಳೆಯುವುದನ್ನು ನಿಲ್ಲಿಸಿದವು, ಆಮೇಲೆ ತುದಿಯಿಂದ ಹಳದಿಯಾದವು.

ಹಳದಿಯಾಗಲು ಬೇರೆ ಕಾರಣಗಳೂ ಇದ್ದುದರಿಂದ ನಾನು ದಾರಿ ತಪ್ಪಿದೆ. ಶಹಾಪುರದ ವಕೀಲರೊಬ್ಬರು ಹೇಳಿಕಳಿಸಿದಾಗ ಸಾಯಬಣ್ಣನೊಡನೆ ಹೋಗಿದ್ದೆ. ಅವರ ಹಿತ್ತಿಲ ಗೋಡೆಗೆ ತಾಗಿ ಹೊಲಗಾಲುವೆ ಹರಿಯುತ್ತಿತ್ತು. ಅವರು ಗಿಡದ ದಿಬ್ಬ ಕಿತ್ತು, ಸುತ್ತ ಬದು ಹಾಕಿ, ಭತ್ತದ ಮಡಿಯಂತೆ ನೀರು ತುಂಬಿಸಿದ್ದರು. ಕಾಲುವೆ ನೀರು ಬಂದ ಮೇಲೆ ನಮ್ಮ ಸೀಮೆಯವರು ಮಾಡಿದ ತಪ್ಪು ಇದು: ನೀರಿಲ್ಲದೆ ದಿನ ಕಳೆದವರು ನೀರನ್ನು ಔಷಧಿಯೆಂದೇ ನಂಬಿದರು. ಗಿಡ ಬಾಡಿದರೆ ನೀರು, ಹಳದಿಯಾದರೆ ಇನ್ನಷ್ಟು ನೀರು.

"ಎಂಟು ದಿನದಿಂದ ನೀರ ನಿಲ್ಲಿಸೀನಿ, ಆದ್ರೂ ನೀರಡಿಸ್ಯಾದ ನೋಡ್ರಿ" ಎಂದರು ವಕೀಲರು. ನಿಲ್ಲಿಸೀನಿ ಎಂದರೆ ತುಂಬಿ ನಿಲ್ಲಿಸಿದ್ದೇನೆ ಎಂದರ್ಥ.

ಸಾಯಬಣ್ಣ ಒಂದು ಕೋಲನ್ನು ಬುಡಕ್ಕೆ ಚುಚ್ಚಿ ಎಳೆದು ಅವರ ಮೂಗಿನ ಹತ್ತಿರ ಹಿಡಿದ. "ವಾಸನಿ ನೋಡ್ರಿ ವಕೀಲ್ ಸಾಹೇಬ್ರ. ನಿಮ್ಮ ಪಾರ್ಟಿ ನೀರಡಿಸಿಲ್ಲ, ಮುಣಗ್ಯಾನ."

ವಕೀಲರು ಮೂಗು ಮುಚ್ಚಿಕೊಂಡು, "ಮತ್ತ ಅಪೀಲಿಗೆ ದಾರಿ ಅದ ಇಲ್ಲೋ?" ಎಂದರು. ಬದು ಒಡೆದು, ಮತ್ತೆ ದಿಬ್ಬ ಏರಿಸಿದ ಮೇಲೆ ಎರಡು ತಿಂಗಳಲ್ಲಿ ಅವರ ಗಿಡಗಳು ಚೇತರಿಸಿಕೊಂಡವು. ಹಳದಿಯೆಂದರೆ ನೀರಿನದೇ ದೋಷ ಎಂದು ನಾನು ತೀರ್ಮಾನಿಸಿಬಿಟ್ಟೆ. ಆ ಗಿಡಗಳು ನನ್ನ ಔಷಧಿಗೆ ಮೊದಲೇ ನರ್ಸರಿಯಿಂದ ಹೋಗಿದ್ದವು ಎಂಬುದನ್ನು ನೋಡಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಯಾದಗಿರಿಯ ಗುತ್ತಿಗೆದಾರರೊಬ್ಬರ ಬಂಗಲೆಯ ಎರಡೂ ಪೈನುಗಳು ಒಣಗಿದವು; ಅದೂ ಗೃಹಪ್ರವೇಶದ ಹಿಂದಿನ ವಾರ. ಮೇಲಧಿಕಾರಿಗೆ ಅವರೊಂದಿಗೆ ಸಲಿಗೆಯಿತ್ತು. ಅದೇ ವಾರ ಇನ್ನೂ ಹಲವು ಮನೆಗಳಿಂದ ದೂರು ಬಂದವು. ನನ್ನನ್ನು ರಿಜಿಸ್ಟರಿನ ಸಮೇತ ಕರೆಸಿದರು.

"ವರದಿ ಬೇಕು ಮೇಡಂ. ಯಾರಾದ್ರೂ ಒಬ್ಬರು ಬೇಕಲ್ಲ." ಪುಟ ತಿರುವಿ ನನ್ನ ಬರಹದ ಮೇಲೆ ಬೆರಳಿಟ್ಟರು. "ಇಲ್ಲೇ ಅದಲ್ಲ. ನೀವೇ ಬರ್ದೀರಿ. ಅಶುದ್ಧ ಮಣ್ಣು. ಇದನ್ನೇ ಚಂದಾಗಿ ಇಳಿಸ್ರಿ."

ನಾನು ಇಳಿಸಿದೆ. ಬಲವಂತವಾಗಿ ಬರೆಸಿದರೆಂದು ಈಗ ಹೇಳಿದರೆ ಅದು ಸುಳ್ಳು. ಅಂದು ನಾನು ಬರೆದದ್ದನ್ನು ನಂಬಿದ್ದೆ. ಆದರೆ ಒಂದೇ ಒಂದು ಸತ್ತ ಗಿಡದ ಬುಡವನ್ನೂ ಕೆದರಿ ನೋಡದೆ ನಂಬಿದ್ದೆ. ಅಷ್ಟು ಓದಿದವಳಿಗೆ ಅದು ಸುಳ್ಳಿಗಿಂತ ಚಿಕ್ಕ ತಪ್ಪೇನಲ್ಲ.

ಸಾಯಬಣ್ಣನಿಗೆ ನೋಟಿಸು ಬಂತು. ಹದಿನೈದು ದಿನದಲ್ಲಿ ಉತ್ತರ ಕೊಡದಿದ್ದರೆ ಕೆಲಸದಿಂದ ತೆಗೆಯಲಾಗುವುದು. ನೋಟಿಸು ಹಿಡಿದು ಅವನು ನೇರವಾಗಿ ನನ್ನ ಬಳಿಗೇ ಬಂದ.

"ಇದಕ್ಕ ಜವಾಬು ನೀವೇ ಬರ್ದು ಕೊಡ್ರಿ ಮೇಡಂ."

"ಸಾಯಬಣ್ಣ, ಆ ವರದಿ ಕೊಟ್ಟವಳು ನಾನೇ."

"ಗೊತ್ತದ್ರಿ. ಕ್ಲಾರ್ಕ್ ಓದಿ ಹೇಳ್ಯಾನ. ಅದಕ್ಕ ನಿಮ್ಮ ಹಂತ್ಯಾಕ ಬಂದೀನಿ. ಹೊರಗಿನವರ್ಗೆ ಏನ್ ತಿಳೀತದ ಔಷಧಿ ಸುರದದ್ದು?"

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನಾನು ಸಿಟ್ಟಾಗಿ ಬಚಾವಾಗುತ್ತಿದ್ದೆ. ಅವನು ಸ್ಟೂಲಿನ ಮೇಲೆ ಕುಳಿತು ಹೇಳತೊಡಗಿದ: ಔಷಧಿ ಸುರಿಯುವ ಮೊದಲು ಹೋದ ಗಿಡ ಯಾವ ಮನೆಯಲ್ಲಿವೆ, ಸುರಿದ ಮೇಲೆ ಹೋದವು ಯಾವ ಮನೆಯಲ್ಲಿವೆ. ಎಲ್ಲವೂ ಅವನ ಬಾಯಲ್ಲಿತ್ತು. ನಾನು ವಿತರಣೆಯ ಪುಸ್ತಕ ತೆಗೆದು ತಾಳೆ ನೋಡಿದೆ. ಒಂದು ಮನೆಯೂ ತಪ್ಪಿರಲಿಲ್ಲ. "ನಾಳೆ ಹೋಗಿ ನೋಡೋಣ" ಎಂದೆ.

ಮೊದಲು ಗುತ್ತಿಗೆದಾರರ ಬಂಗಲೆ. ದಿಬ್ಬ ಸರಿಯಾಗಿತ್ತು, ನೀರು ನಿಂತಿರಲಿಲ್ಲ. ಗಿಡ ಕಿತ್ತಾಗ ಬೇರುಗಳು ಕಂದು ತಂತಿಯಂತೆ ಬೋಳಾಗಿ ಬಂದವು. ಬಿಳಿ ಎಳೆ ಒಂದೂ ಇರಲಿಲ್ಲ.

ಆಮೇಲೆ ಶೇರ್ ಆಟೊದಲ್ಲಿ ಗೋಗಿಗೆ ಹೋದೆವು. ಅಲ್ಲಿನ ಶಾಲೆಯ ಶಿಕ್ಷಕರೊಬ್ಬರ ಮನೆಗೆ ಔಷಧಿಗೆ ಮೊದಲೇ ಹೋದ ಗಿಡ ಎದೆಮಟ್ಟ ಬೆಳೆದಿತ್ತು. ಶಿಕ್ಷಕರ ತಾಯಿ ನಾಗಮ್ಮ ಕಸಬರಿಗೆ ಹಿಡಿದೇ ಎದುರಾದರು. ಸಗಣಿ ಸಾರಿಸಿದ ಅಂಗಳದಲ್ಲಿ ಗಿಡದ ಸುತ್ತ ಮಾತ್ರ ಕಲ್ಲಿನ ಬಳೆಯೊಂದಿತ್ತು. ಅದರೊಳಗೆ ಉದುರಿದ ಎಲೆಗಳು ದಪ್ಪವಾಗಿ ಹಾಸಿದ್ದವು. ಆ ಬಳೆ ಹಾಕಿದವನು ಸಾಯಬಣ್ಣ.

"ಬಂದೇನಪಾ?" ಎಂದರು ನಾಗಮ್ಮ ಅವನಿಗೆ. "ಹೊತ್ತು ಹುಟ್ಟೂದ್ರಾಗ ಅಂಗಳ ಬಳೀತೀನಿ ನಾನು. ಇದೊಂದು ಕಸದ ಕುಪ್ಪಿ ಬಾಗಲಾಗ ಇಟ್ಟು ಹೋಗೀದಿ. ಬಂದವರೆಲ್ಲಾ ಮುದುಕಿಗೆ ಕೈಲಾಗವಲ್ದು ಅಂತಾರ."

"ಅದು ಕಸ ಅಲ್ಲಬೇ ಯವ್ವಾ, ಗಿಡದ ಹಾಸಿಗಿ."

"ನನ್ನ ಸೊಸಿ ಹಾಸಿಗೀನ ಇಷ್ಟೊತ್ತನಕ ಬಿಡಂಗಿಲ್ಲ ನಾ. ಇದಕ್ಕೇನು ಹೊತ್ತೇರಿದ್ರೂ ಮಲಗೂದು?"

ಒಳಗಿನಿಂದ ಸೊಸೆ ನಕ್ಕದ್ದು ಕೇಳಿಸಿತು. ಆದರೂ ನಾಗಮ್ಮ ಆ ಬಳೆಯೊಳಗೆ ಕಸಬರಿಗೆ ಆಡಿಸಿರಲಿಲ್ಲ. ನಾನು ಅವರ ಅಪ್ಪಣೆ ಕೇಳಿ ಎಲೆಗಳನ್ನು ಸರಿಸಿ, ದಿಬ್ಬದ ಅಂಚಿನಲ್ಲಿ ಬೆರಳಿಂದ ಮಣ್ಣು ಕೆದರಿದೆ. ಕೂದಲೆಳೆಯಂಥ ಬೇರುಗಳ ಸುತ್ತ ಬಿಳಿ ಬಲೆ ಹಬ್ಬಿತ್ತು. ಮೂಸಿದೆ, ಮೊದಲ ಮಳೆಗೆ ಅಣಬೆ ಏಳುವ ನೆಲದ ವಾಸನೆ. ಸಾಯಬಣ್ಣ ನಾನು ಸರಿಸಿದ ಎಲೆಗಳನ್ನು ಮತ್ತೆ ಬುಡಕ್ಕೆ ಹಾಸಿದ. ಹೇಳಬೇಕಾದದ್ದನ್ನು ಅವನು ಕೊಡ ಹಿಡಿದು ನಿಂತ ದಿನವೇ ಹೇಳಿದ್ದ.

ಐದು ದಿನ ತಿರುಗಿದೆವು. ಔಷಧಿಗೆ ಮೊದಲು ಹೋದವುಗಳಲ್ಲಿ ನೀರಲ್ಲಿ ಮುಳುಗಿದವನ್ನು ಬಿಟ್ಟು ಉಳಿದವು ಬದುಕಿದ್ದವು. ಕಕ್ಕೇರಾದಲ್ಲಿ ಒಂದರ ತುದಿಯನ್ನು ಆಡು ಮೇದಿತ್ತು, ಅದೂ ಕೆಳಗಿನ ಕೊಂಬೆಯಲ್ಲಿ ಚಿಗುರಿತ್ತು. ಔಷಧಿಯ ನಂತರ ಹೋದವು ಸತ್ತಿದ್ದವು, ಇಲ್ಲವೇ ಸಾಯುತ್ತಿದ್ದವು. ಸಾಯುತ್ತಿದ್ದ ಕೆಲವಕ್ಕೆ ಸಾಯಬಣ್ಣ ಹೆಡ್ಮಾಸ್ತರರ ಅಂಗಳದಿಂದ ಮತ್ತೆ ಹೆಪ್ಪು ತಂದು ಬೇರಿನ ಬಳಿ ಹಾಕಿದ. ನೋಟಿಸು ಪಡೆದವನು ಆ ಕೆಲಸ ಮಾಡಬೇಕೆಂದು ಯಾವ ನಿಯಮವೂ ಹೇಳಿರಲಿಲ್ಲ. ಅವುಗಳಲ್ಲಿ ಅರ್ಧದಷ್ಟು ಮರುವರ್ಷ ಹಸಿರಾದವು.

ಅವನ ಉತ್ತರವನ್ನು ಬರೆದುಕೊಟ್ಟೆ; ಅವನು ಹೆಬ್ಬೆಟ್ಟು ಒತ್ತಿದ. ಜೊತೆಗೆ ನನ್ನ ಎರಡನೆಯ ವರದಿ ಬರೆದೆ. ಮೊದಲ ವರದಿ ತಪ್ಪು. ಗಿಡಗಳ ಸಾವಿಗೆ ಕಾರಣ ನನ್ನ ಲಿಖಿತ ಆದೇಶ. ಮಾಲಿಯು ಅಂದೇ ಎಚ್ಚರಿಸಿದ್ದನು. ಕ್ರಮ ನನ್ನ ಮೇಲಾಗಲಿ. ಮನೆಮನೆಯ ವಿವರ ಲಗತ್ತಿಸಿ ಯಾದಗಿರಿಗೆ ಹೋದೆ.

ಮೇಲಧಿಕಾರಿ ಈ ಸಲ ಪೂರ್ತಿ ಓದಿದರು. "ಇದನ್ನ ವಾಪಸ್ ತಗೊಳ್ರಿ."

"ಯಾಕೆ ಸರ್?"

"ಅಧಿಕಾರಿ ತಪ್ಪು ಮಾಡ್ಯಾಳ ಅಂತ ಅಧಿಕಾರೀನೇ ಬರ್ದು ಕೊಟ್ರ, ನಾಳೆ ಎಲ್ಲಾ ಮಾಲಿಗಳೂ ನಮಗ ಹೇಳಾಕ ಸುರು ಮಾಡ್ತಾರ."

"ಅವನು ಹೇಳಿದ್ದನ್ನು ಕೇಳಿದ್ದರೆ ಗಿಡ ಬದುಕುತ್ತಿದ್ದವು."

"ಗಿಡದ್ದೇನು ಹಚ್ಚೀರಿ? ನಿಮ್ಮ ನೌಕರಿ ಇನ್ನಾ ಭಾಳ ವರ್ಷ ಅದ."

ಹಿಂದೆ ತೆಗೆದುಕೊಳ್ಳಲಿಲ್ಲ. ಬಂದ ಪತ್ರಗಳನ್ನು ದಾಖಲಿಸುವ ಆವಕ ಶಾಖೆಯಲ್ಲಿ ಕೊಟ್ಟು, ಮುದ್ರೆ ಒತ್ತಿಸಿಕೊಂಡ ಪ್ರತಿಯನ್ನು ಇಟ್ಟುಕೊಂಡೆ. ನೀವೂ ಇಟ್ಟುಕೊಳ್ಳಿ, ಪ್ರತಿಯೊಂದಕ್ಕೂ. ನ್ಯಾಯ ಸಿಗುತ್ತದೆಂದಲ್ಲ; ಹೇಳಿಯೇ ಇರಲಿಲ್ಲವೆಂದು ಅವರು ನಾಳೆ ಹೇಳಬಾರದು.

ಎರಡು ತಿಂಗಳ ಮೇಲೆ ಆದೇಶ ಬಂತು. ಪೈನ್ ಸಸಿಗಳು ಹವಾಮಾನದ ವೈಪರೀತ್ಯದಿಂದ ನಾಶವಾಗಿರುವುದು ಕಂಡುಬಂದಿದ್ದು, ಮಾಲಿಯ ವಿರುದ್ಧದ ನೋಟಿಸನ್ನು ಕೈಬಿಡಲಾಗಿದೆ. ನನ್ನ ಹೆಸರಿಲ್ಲ, ಔಷಧಿಯ ಮಾತಿಲ್ಲ, ನನ್ನ ಎರಡನೆಯ ವರದಿಯ ಉಲ್ಲೇಖವೂ ಇಲ್ಲ. ಆ ಎರಡು ತಿಂಗಳಲ್ಲಿ ಕಾಯಂ ಪಟ್ಟಿ ಹೊರಟುಹೋಗಿತ್ತು. ವಿಚಾರಣೆ ಬಾಕಿ ಇದೆಯೆಂದು ಸಾಯಬಣ್ಣನ ಹೆಸರನ್ನು ಅದರಿಂದ ಕೈಬಿಟ್ಟಿದ್ದರು. ನಾನು ಮತ್ತೆ ಮತ್ತೆ ಬರೆದೆ. ಪಟ್ಟಿ ಮುಗಿದ ಅಧ್ಯಾಯ ಎಂಬ ಒಂದೇ ಉತ್ತರ ಬಂತು. ಅವನು ದಿನಗೂಲಿಯಾಗಿಯೇ ಉಳಿದ, ದಿನಗೂಲಿಯಾಗಿಯೇ ಕೆಲಸ ಬಿಟ್ಟ. ಪಿಂಚಣಿ ಪಡೆಯುತ್ತಿರುವವಳು ನಾನು.

ಆದೇಶ ಬಂದ ದಿನ ಅದನ್ನು ಅವನಿಗೆ ಓದಿ ಹೇಳಿದೆ. ಅವನು ಪೈನ್ ಚೀಲಗಳ ಸಾಲಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳುತ್ತಿದ್ದ.

"ಯಾರು ಕೊಂದ್ರಂತ ಬರದಾರ್ರಿ?"

"ಹವಾಮಾನ."

"ಅವರು ಯಾವ ಆಫೀಸಿನ್ಯಾಗ ಕೂಡ್ತಾರ್ರಿ ಮೇಡಂ?"

ನನಗೆ ನಗು ಬರಲಿಲ್ಲ, ಅವನೂ ನಗಲಿಲ್ಲ. "ಕೊಂದವಳು ನಾನು, ಸಾಯಬಣ್ಣ. ಹಾಗೆಂದು ಬರೆದುಕೊಟ್ಟಿದ್ದೆ. ತೆಗೆದುಹಾಕಿದರು."

ಅವನು ಕಿತ್ತ ಕಳೆಯನ್ನು ಬುಟ್ಟಿಗೆ ಹಾಕಿ, ಮುಂದಿನ ಚೀಲಕ್ಕೆ ಸರಿದ. "ಅವರು ತಗದ್ರ ತಗೀಲಿ," ಎಂದ. "ನೀವು ಮತ್ತೊಮ್ಮಿ ಬರೀರಿ."

ಅದನ್ನೇ ಬರೆದಿದ್ದೇನೆ. ಇದು ನಿಮ್ಮ ಕೈಯಲ್ಲಿದೆ. ತೆಗೆದುಹಾಕಲು ಇಲ್ಲಿ ಮೇಲಧಿಕಾರಿಯಿಲ್ಲ.